ಮುನಿಸು ಬೆಲ್ಲಕ್ಕೆ ಬಂದ ತಕರಾರು

ಜೆರಾಕ್ಸ್ ಅಂಗಡಿಯಿಂದ ಆಗತಾನೇ ಹೊರಬಂದ ಕಾಗದಕ್ಕೊಂದು ವಾಸನೆಯಿದೆ. ಇಸ್ತ್ರಿಯಾದ ಶರಟಿನದ್ದಲ್ಲ, ಸುಟ್ಟ ಹಪ್ಪಳದ್ದೂ ಅಲ್ಲ. ಎರಡರ ನಡುವೆ ಎಲ್ಲೋ ನಿಂತಿರುವ ವಾಸನೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಅಂಥ ಬೆಚ್ಚನೆಯ ಕಾಗದದ ಕಟ್ಟೊಂದು ನನ್ನ ತೊಡೆಯ ಮೇಲೆ ಬಂದು ಕೂತಿತು. ತಂದವಳು ಭಾಗ್ಯ. ಕೆ.ಆರ್. ಪೇಟೆ ಕಡೆಯ ಹಳ್ಳಿಯವಳು, ನಾಗಮಂಗಲದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ಆಲೆಮನೆಗಳ ಆಚರಣೆಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿರುವವಳು. ಬೆಲ್ಲ ಕಾಯಿಸುವ ವಿಷಯದಲ್ಲಿ ಶ್ರೀರಂಗಪಟ್ಟಣದ ಈ ನಿವೃತ್ತ ಮೇಷ್ಟ್ರಿಗೆ ಏನೋ ಗೊತ್ತು ಎಂಬ ವದಂತಿ ಅವಳ ಮಾರ್ಗದರ್ಶಕರ ಕಿವಿಯವರೆಗೂ ಹೋಗಿ, ಒಂದು ಸಲ ತೋರಿಸಿಕೊಂಡು ಬಾ ಎಂದು ಕಳಿಸಿದ್ದರು.

“ಹನ್ನೊಂದೇ ದಿನ ಇರೋದು ಸಾ,” ಎಂದಳು ಕೂರುವ ಮೊದಲೇ. “ಅಷ್ಟ್ರಲ್ಲಿ ಒಪ್ಪಿಸ್ನಿಲ್ಲ ಅಂದ್ರೆ ನನ್ನ ರಿಜಿಸ್ಟ್ರೇಸನ್ನೇ ಹೊಂಟೋಯ್ತದೆ. ಇಷ್ಟ್ ವರ್ಷ ಬಸ್ಸಲ್ಲಿ ನಿಂತ್ಕಂಡು ಓದಿದ್ದೆಲ್ಲ ನೀರ್‌ಪಾಲು. ನಾಕ್ನೇ ಅಧ್ಯಾಯ ಒಂದ್ ನೋಡ್ಬುಡಿ. ಅದೇ ಇದ್ರ ಜೀವ.”

ನಾಲ್ಕನೆಯ ಅಧ್ಯಾಯದ ಹೆಸರು ‘ಮುನಿಸು ಬೆಲ್ಲ: ಗ್ರಾಮೀಣ ಸಂಧಾನದ ಒಂದು ಅನನ್ಯ ಮಾದರಿ’. ಕನ್ನಡಕ ಹಾಕಿಕೊಂಡು ಮೊದಲ ಸಾಲು ಓದಿದೆ. “ಆಲೆ ಹೂಡಿದ ಮೊದಲ ದಿನ, ಮೊದಲ ಕೊಪ್ಪರಿಗೆಯ ಮೊದಲ ಅಚ್ಚನ್ನು ಮನೆಯವರು ತಿನ್ನುವುದಿಲ್ಲ; ಯಾರೊಡನೆ ಮಾತು ಬಿಟ್ಟಿದ್ದಾರೋ ಅವರ ಹೊಸ್ತಿಲ ಮೇಲೆ ಅದನ್ನಿಟ್ಟು, ಹಿಂದಿರುಗಿ ನೋಡದೆ ಬರುತ್ತಾರೆ.”

ಚೆಂದದ ವಾಕ್ಯ. ಆ ಅರ್ಧವಿರಾಮ ಸರಿಯಾದ ಜಾಗದಲ್ಲಿ ಕೂತಿದೆ, ಅಷ್ಟು ನಾಜೂಕಾಗಿ ಈಗಿನವರು ಯಾರು ಬರೆಯುತ್ತಾರೆ ಎಂದುಕೊಂಡೆ. ಎರಡನೆಯ ಸಲ ಓದಿದಾಗ ಗುರುತು ಹತ್ತಿತು. ಅದು ನನ್ನದೇ ವಾಕ್ಯ. ಬಹಳ ವರ್ಷಗಳ ಹಿಂದೆ, ಎಂ.ಫಿಲ್. ಪ್ರಬಂಧಕ್ಕೆಂದು ನಾನು ಬರೆದದ್ದು. ಜೊತೆಗೆ ಇನ್ನೊಂದೂ ನೆನಪಾಯಿತು: ಅದು ನಿಜವಲ್ಲ. ನಿಜವಲ್ಲದಿರಬಹುದು.

“ಇದು ಎಲ್ಲಿ ಸಿಕ್ಕಿತಮ್ಮ?”

“ನೆಟ್ಟಲ್ಲೇ ಅದೆ ಸಾ. ಒಂದ್ ಕಡೆ ಅಲ್ಲ, ಒಂಬತ್ ಕಡೆ.” ಫೋನು ತೆಗೆದು ತೋರಿಸಿದಳು. ಒಂದರಲ್ಲಿ ಕೊಳಲಿನ ಹಿನ್ನೆಲೆಯಲ್ಲಿ ಯಾರೋ ಗಂಭೀರವಾಗಿ ಹೇಳುತ್ತಿದ್ದರು, ಮಂಡ್ಯದ ಜನ ಜಗಳವನ್ನೂ ಸಿಹಿಯಾಗಿ ಮುಗಿಸುತ್ತಾರೆ ಎಂದು. ಮಂಡ್ಯದ ಜನರ ಜಗಳ ನೋಡದವರು. ಇನ್ನೊಂದರಲ್ಲಿ ಇದು ಸಾವಿರಾರು ವರ್ಷಗಳ ಪರಂಪರೆ ಎಂದಿತ್ತು. ನನಗೆ ವಯಸ್ಸಾಗಿದೆ, ನಿಜ, ಆದರೆ ಅಷ್ಟಲ್ಲ.

ಆಗ ನಾನು ಮಾಡಬೇಕಾದದ್ದು ಸರಳವಾಗಿತ್ತು: ಬಾಯಿ ಬಿಟ್ಟು ಹೇಳುವುದು. ನಾನು ಮಾಡಿದ್ದು ಭಾಷಣ. ಓದುಗರೇ, ಗ್ರಂಥಾಲಯವೋ ಅಂತರ್ಜಾಲವೋ ಎಂಬ ವಿಷಯದ ಮೇಲೆ ನಾನು ಸುತ್ತಲ ನಾಲ್ಕೂ ತಾಲ್ಲೂಕಿನ ಕಾಲೇಜುಗಳಲ್ಲಿ ಭಾಷಣ ಮಾಡಿದ್ದೇನೆ. ನಾಗಮಂಗಲದಲ್ಲಿ ಮೈಕು ಕೈಕೊಟ್ಟರೂ ಮಾಡಿದ್ದೇನೆ. ಅದರಲ್ಲೊಂದು ಉಪಮೆಯಿದೆ: ಅಂತರ್ಜಾಲ ನಾಲೆಯ ನೀರು, ಗ್ರಂಥಾಲಯ ಬಾವಿಯ ನೀರು, ನಾಲೆಯಲ್ಲಿ ಯಾರು ಎಲ್ಲಿ ಎಮ್ಮೆ ತೊಳೆದರೋ ಗೊತ್ತಾಗುವುದಿಲ್ಲ. ಇಲ್ಲಿಗೆ ಚಪ್ಪಾಳೆ ಬರುತ್ತದೆ. ಭಾಗ್ಯನ ಮುಂದೆಯೂ ಅದನ್ನೇ ಹರಿಯಬಿಟ್ಟೆ. ಮೂಲಕ್ಕೆ ಹೋಗಬೇಕಮ್ಮ, ಪುಸ್ತಕ ಮುಟ್ಟಬೇಕು, ಪುಟ ತಿರುವಬೇಕು.

ಅವಳು ಪೂರ್ತಿ ಕೇಳಿ, “ಅದ್ಕೇ ಬಂದಿದ್ದು ಸಾ,” ಎಂದಳು. “ನಮ್ಮ ಗೈಡೂ ಅದೇ ಅಂತಾರೆ. ಲಿಂಕು ಒಪ್ಪಲ್ಲ, ಪುಟದ ನಂಬರ್ ಬೇಕು ಅಂತಾರೆ. ನೆಟ್ಟಲ್ಲಿರೋದು ಯಾರೋ ಸ್ಕ್ಯಾನ್ ಮಾಡಿರೋದು, ನಂಬರ್ರೇ ಕಾಣಾಕಿಲ್ಲ. ಪುಸ್ತಕ ಪಾಂಡವಪುರದ್ ಲೈಬ್ರರಿಲಿ ಅದೆ ಅಂತ ಮುದ್ರೆ ನೋಡಿ ಗೊತ್ತಾಯ್ತು. ನಿಮ್ಮದೇ ಥೀಸಿಸ್ಸು. ನಿಮ್ಮತ್ರ ಒಂದ್ ಕಾಪಿ ಇಲ್ವಾ?”

“ಗೆದ್ದಲು ತಿಂತು,” ಎಂದೆ. ಇದೂ ಸುಳ್ಳು. ಗೆದ್ದಲಿಗೆ ಅಷ್ಟು ಕೆಟ್ಟ ರುಚಿಯಿಲ್ಲ. ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ.

“ಅಂಗಾರೆ ನಾಳೆ ಸ್ಕೂಟಿಲಿ ಬತ್ತೀನಿ. ಒಟ್ಗೇ ಹೋಗನ ಬನ್ನಿ.”

ಆ ದಿನವೆಲ್ಲ ಗ್ರಂಥಾಲಯದ ಪರಮ ಪ್ರಚಾರಕನಾದ ನಾನು ಒಂದೇ ಪ್ರಾರ್ಥನೆ ಮಾಡಿದೆ: ಆ ಗ್ರಂಥಾಲಯದಲ್ಲಿ ಆ ಒಂದು ಪುಸ್ತಕ ಕಳೆದುಹೋಗಿರಲಿ.

ಪುಸ್ತಕದ ಭಯವಲ್ಲ ಅದು. ಅದರ ಕೊನೆಗೆ ಅಂಟಿಸಿದ ಒಂದು ಹಾಳೆಯ ಭಯ. ಇದನ್ನು ವಿವರಿಸಬೇಕಾದರೆ ಶ್ರೀಕಂಠಯ್ಯನವರ ವಿಷಯ ಹೇಳಬೇಕು.

ಪಾಂಡವಪುರದಲ್ಲಿ ಓದುಗರ ಸಂಘವೊಂದು ನಡೆಸುತ್ತಿದ್ದ ಪುಸ್ತಕಾಲಯಕ್ಕೆ ಶ್ರೀಕಂಠಯ್ಯ ಗ್ರಂಥಪಾಲಕರು. ನಮ್ಮ ಶ್ರೀರಂಗಪಟ್ಟಣದ ದೇವಸ್ಥಾನದ ಮನೆತನದವರು. ಅಣ್ಣತಮ್ಮಂದಿರು ಪೂಜೆ ಹಂಚಿಕೊಂಡರು, ಇವರಿಗೆ ಪುಸ್ತಕ ಬಂತು. ದಿನಾ ರೈಲಿನಲ್ಲಿ ಹೋಗಿ, ಊರಾಚೆಯ ಸ್ಟೇಷನ್ನಿನಿಂದ ನಡೆದುಕೊಂಡೇ ಪುಸ್ತಕಾಲಯ ಸೇರುತ್ತಿದ್ದರು. ಕೈಯಲ್ಲಿ ಛತ್ರಿ. ಇಲ್ಲ, ಛತ್ರಿಯನ್ನು ನಾನು ಈಗ ಸೇರಿಸಿದೆ. ಹಳೆಯ ಗ್ರಂಥಪಾಲಕರೆಂದರೆ ಕೈ ತಾನಾಗಿ ಛತ್ರಿ ಕೊಟ್ಟುಬಿಡುತ್ತದೆ. ಅವರ ಕೈಯಲ್ಲಿದ್ದದ್ದು ಒಂದು ಸಣ್ಣ ಪಾತ್ರೆ, ಅದರಲ್ಲಿ ಮನೆಯಲ್ಲೇ ಕಾಯಿಸಿದ ಮೈದಾ ಅಂಟು. ಇದು ಖಂಡಿತ. ಸಾಕಷ್ಟು ಖಂಡಿತ.

ಆ ಅಂಟು ಬೇಕಾಗಿದ್ದು ಅವರ ಒಂದು ಪದ್ಧತಿಗೆ. ಸುತ್ತಲ ಊರು, ಬೇಸಾಯ, ಆಚಾರ ಇವುಗಳ ಬಗ್ಗೆ ಬರೆದ ಯಾವ ಪುಸ್ತಕ ಬಂದರೂ ಅದರ ಕೊನೆಯ ರಟ್ಟಿನ ಒಳಗೆ ಒಂದು ಬಿಳಿ ಹಾಳೆ ಅಂಟಿಸುತ್ತಿದ್ದರು. ತಲೆಯಲ್ಲಿ ಅವರ ದುಂಡು ಅಕ್ಷರ: ‘ತಕರಾರು’. ಪುಸ್ತಕದಲ್ಲಿ ಬರೆದದ್ದು ಸರಿಯಿಲ್ಲ ಅನ್ನಿಸಿದವರು ಅಲ್ಲಿ ಬರೆಯಬಹುದು. ಎರಡೇ ನಿಯಮ. ಬೈಯಬಾರದು. ಹೆಸರು, ಊರು ಹಾಕಬೇಕು. ಈಗ ಫೋನಿನಲ್ಲಿ ಯಾರು ಯಾರನ್ನು ಬೈದರೂ ಊರೊಂದೇ ಇರುವುದಿಲ್ಲ, ಗಮನಿಸಿದ್ದೀರಾ?

ನಾನು ಆಗ ಬಿಡುವಾದಾಗಲೆಲ್ಲ ಪುಸ್ತಕ ಬಿಟ್ಟು ತಕರಾರುಗಳನ್ನೇ ಓದುತ್ತಿದ್ದೆ. ರಾಗಿ ಬೇಸಾಯದ ಪುಸ್ತಕವೊಂದರ ಹಿಂದೆ: “ಈ ಮಹನೀಯರು ರಾಗಿ ತಿಂದಿರಬಹುದು, ಬಿತ್ತಿಲ್ಲ.” ಅಡುಗೆ ಪುಸ್ತಕವೊಂದರ ಹಿಂದೆ ಇಬ್ಬರು ಹೆಂಗಸರು ಬಸ್ಸಾರಿಗೆ ಬೆಲ್ಲ ಹಾಕಬೇಕೇ ಬೇಡವೇ ಎಂದು ಎರಡು ಪುಟ ಹೋರಾಡಿದ್ದರು, ಮೂರನೆಯ ಪುಟವನ್ನು ಶ್ರೀಕಂಠಯ್ಯ ತಾಳ್ಮೆಯಿಂದ ಅಂಟಿಸಿದ್ದರು. ಓದು ಬಾರದವರನ್ನೂ ಅವರು ಬಿಡುತ್ತಿರಲಿಲ್ಲ. ಯಾವ ಊರಿನ ಬಗ್ಗೆ ಬರೆದಿದೆಯೋ ಆ ಊರಿಗೆ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿಕಳಿಸುವರು: ನಿಮ್ಮ ಮಾತು ಪುಸ್ತಕದಲ್ಲಿ ಬಂದಿದೆ, ಸಂತೆಗೆ ಬಂದಾಗ ಕೇಳಿಸಿಕೊಂಡು ಹೋಗಿ. ಜನ ಸೊಪ್ಪಿನ ಬುಟ್ಟಿ ಬಾಗಿಲಲ್ಲಿಟ್ಟು ಒಳಗೆ ಬಂದು ನೆಲದ ಮೇಲೆ ಕೂರುವರು. ಅವರು ಗಟ್ಟಿಯಾಗಿ ಓದುವರು. ಸರಿಯಿಲ್ಲ ಅಂದರೆ ಹೇಳಿದಂತೆ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಳ್ಳುವರು.

ನನ್ನ ಪ್ರಬಂಧ ಮುಗಿದಾಗ ಒಂದು ಪ್ರತಿಯನ್ನು ರಟ್ಟು ಹಾಕಿಸಿ, ಹೆಸರನ್ನು ಬಂಗಾರದ ಅಕ್ಷರದಲ್ಲಿ ಒತ್ತಿಸಿ, ಪುಸ್ತಕಾಲಯಕ್ಕೆ ಕೊಡಲು ಹೋದೆ. ಹೊಗಳುತ್ತಾರೆಂಬ ಆಸೆ. ಶ್ರೀಕಂಠಯ್ಯ ಬೆನ್ನು ಸವರಿದರು. ನನ್ನದಲ್ಲ, ಪುಸ್ತಕದ್ದು. ಆಮೇಲೆ ಪಾತ್ರೆಯ ಮುಚ್ಚಳ ತೆಗೆದರು.

“ನನ್ನದಕ್ಕೂ ಅಂಟಿಸ್ತೀರಾ ಸಾರ್?”

“ನಿನ್ನದಕ್ಕೆ ಯಾಕಪ್ಪ ಬೇಡ?”

“ಇದು ಸಂಶೋಧನೆ ಸಾರ್. ವಿಶ್ವವಿದ್ಯಾಲಯ ಒಪ್ಪಿದೆ.”

“ವಿಶ್ವವಿದ್ಯಾಲಯ ಒಪ್ಪಲಿ. ನೀನು ಬರೆದಿರೋ ಕ್ಯಾತನಹಳ್ಳಿ ಒಪ್ಪಿದ್ಯೋ ಇಲ್ವೋ ನೋಡೋಣ.”

ನಗುತ್ತಲೇ ಅಂದರು. ನನಗೆ ಮೈಯೆಲ್ಲ ಉರಿಯಿತು. ಎದುರಿಗೇ ಹಾಳೆ ಅಂಟಿಸಿ, ಒಣಗಲೆಂದು ಪುಸ್ತಕವನ್ನು ಕಿಟಕಿಯ ಹತ್ತಿರ ತೆರೆದಿಟ್ಟರು. ಮತ್ತೆ ನಾನು ಆ ಪುಸ್ತಕಾಲಯಕ್ಕೆ ಕಾಲಿಡಲಿಲ್ಲ. ಕೆಲವು ತಿಂಗಳ ಮೇಲೆ ಒಂದು ಕಾರ್ಡು ಬಂತು: “ನಿಮ್ಮ ಪುಸ್ತಕಕ್ಕೆ ಒಂದು ತಕರಾರು ಬಂದಿದೆ. ಬಿಡುವಾದಾಗ ಬಂದು ನೋಡುವುದು.” ಬಿಡುವಾಗಲಿಲ್ಲ. ಇನ್ನೊಂದು ಬಂತು. ಆಗಲೂ ಆಗಲಿಲ್ಲ. ಬಿಡುವಿಲ್ಲದಿರುವುದನ್ನು ನಾನು ಎಷ್ಟು ಶ್ರದ್ಧೆಯಿಂದ ನಡೆಸಿದೆನೆಂದರೆ, ಪಾಂಡವಪುರಕ್ಕೆ ಹೋದಾಗಲೆಲ್ಲ ಪುಸ್ತಕಾಲಯದ ಬೀದಿ ತಪ್ಪಿಸಿ ಸಂತೆಮಾಳದ ಕಡೆಯಿಂದ ಸುತ್ತಿಬರುತ್ತಿದ್ದೆ. ಶ್ರೀಕಂಠಯ್ಯ ನಿವೃತ್ತರಾದ ಮೇಲೆ ದೇವಸ್ಥಾನದ ಬೀದಿಯಲ್ಲಿ ಎದುರಾಗುತ್ತಿದ್ದರು. ಮಳೆ, ಬೆಳೆ, ಮೊಣಕಾಲು ಎಲ್ಲ ಮಾತಾಡಿದೆವು. ಅದೊಂದನ್ನು ಅವರೂ ಎತ್ತಲಿಲ್ಲ. ಈಗ ಅವರಿಲ್ಲ.

ಇನ್ನು ಮುನಿಸು ಬೆಲ್ಲ ಹುಟ್ಟಿದ ದಿನದ ಕಥೆ. ಹೇಳುತ್ತೇನೆ, ಆದರೆ ಒಂದೇ ಕಥೆ ಕೇಳಬೇಡಿ. ನನ್ನ ಬಳಿ ಮೂರಿವೆ.

ಮೊದಲನೆಯದರಲ್ಲಿ ನಾನು ಕ್ಯಾತನಹಳ್ಳಿಯ ಆಲೆಮನೆಯಲ್ಲಿ ನೋಟ್‌ಬುಕ್ಕು ಹಿಡಿದು ಕೂತಿದ್ದೇನೆ. ಕೊಪ್ಪರಿಗೆಯ ಮುಂದೆ ಚಿಕ್ಕೇಗೌಡ. ಪಾಕ ನೋಡುವುದರಲ್ಲಿ ಆ ಸೀಮೆಗೇ ಹೆಸರಾದ ಮುದುಕ. ಒಂದು ತೊಟ್ಟನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉರುಟಿ, ಇಳಿಸಿ ಅಂದರೆ ಇಳಿಸಬೇಕು. ಅವನು ಗಂಭೀರವಾಗಿ, ಹಬೆಯ ನಡುವಿನಿಂದ, ಮೊದಲ ಅಚ್ಚಿನ ಪದ್ಧತಿಯನ್ನು ಹೇಳುತ್ತಾನೆ. ನಾನು ಬರೆದುಕೊಳ್ಳುತ್ತೇನೆ. ಈ ನೆನಪು ತುಂಬ ಚೆನ್ನಾಗಿದೆ, ಬೆಳಕು ಕೂಡ ಸರಿಯಾದ ಕಡೆಯಿಂದ ಬೀಳುತ್ತದೆ. ಅದಕ್ಕೇ ನನಗೆ ಅನುಮಾನ.

ಎರಡನೆಯದರಲ್ಲಿ ಅದೇ ಚಿಕ್ಕೇಗೌಡ, ಬೆಳಗಿನಿಂದ ನನ್ನ ಪ್ರಶ್ನೆ ಕೇಳಿ ಕೇಳಿ ಸುಸ್ತಾಗಿದ್ದಾನೆ. ಕಬ್ಬು ಗಾಣಕ್ಕೆ ಕೊಡುತ್ತಿದ್ದವರಿಗೆ ಕಣ್ಣು ಮಿಟುಕಿಸಿ, “ಬರ್ಕಳಪ್ಪಾ ಬರ್ಕೋ. ಇನ್ನೂ ಒಂದ್ ಸಾಸ್ತ್ರ ಅದೆ,” ಎಂದು ಶುರುಮಾಡುತ್ತಾನೆ. ಎಲ್ಲರೂ ಮುಖ ಆಚೆ ತಿರುಗಿಸಿ ನಗು ಬಿಗಿಹಿಡಿದಿದ್ದಾರೆ. ನಾನೊಬ್ಬನೇ ಬರೆಯುತ್ತಿದ್ದೇನೆ. ನೋಟ್‌ಬುಕ್ಕು ಹಿಡಿದು ಬಂದವನಿಗೆ ಇಂಥದ್ದೊಂದು ಉಡುಗೊರೆ ಕೊಡದೆ ನಮ್ಮ ಜಿಲ್ಲೆಯಲ್ಲಿ ಯಾರೂ ಕಳಿಸುವುದಿಲ್ಲ.

ಮೂರನೆಯದು ನನಗೆ ಇಷ್ಟವಿಲ್ಲದ್ದು, ಆದ್ದರಿಂದ ನಿಜವಿರಬಹುದು. (ಕಹಿಯಾದದ್ದೆಲ್ಲ ಸತ್ಯ ಎಂದುಕೊಳ್ಳುವುದೂ ಒಂದು ಚಟವೇ.) ಮೊದಲ ಬೆಲ್ಲ ಯಾರಿಗೆ ಕೊಡುತ್ತೀರಿ ಎಂದು ನಾನು ಕೇಳಿದೆ. ಎಲ್ಲರಿಗೂ ಕೊಡ್ತೀವಿ ಎಂದ. ಜಗಳ ಆಡಿದವರಿಗೂ? “ಊಂ, ಅವ್ರ್‌ಗೂವೆ.” ಅಲ್ಲಿಗೆ ಅವನ ಮಾತು ಮುಗಿಯಿತು. ಹೊಸ್ತಿಲು, ಹಿಂದಿರುಗಿ ನೋಡದಿರುವುದು, ಆ ಹೆಸರು ಇವೆಲ್ಲ ಶ್ರೀರಂಗಪಟ್ಟಣದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಒಬ್ಬ ಯುವಕನಿಗೆ ಹೊಳೆದವು. ಅವನ ಪ್ರಬಂಧದಲ್ಲಿ ಒಂದು ಅಧ್ಯಾಯ ತೆಳ್ಳಗಿತ್ತು.

ಯಾವುದು ನಡೆದದ್ದು? ಕಾರ್ಡು ಬಂದಾಗಲೇ ಹೋಗಿ ನೋಡಿದ್ದರೆ ತಿಳಿಯುತ್ತಿತ್ತು.

ಮರುದಿನ ಭಾಗ್ಯ ಬಂದಳು. ಸ್ಕೂಟರಿನ ಹಿಂದೆ ಕೂತು ಹೊರಟೆ. ಕಬ್ಬಿನ ಟ್ರಾಕ್ಟರೊಂದು ರಸ್ತೆಯನ್ನೆಲ್ಲ ತುಂಬಿಕೊಂಡು ಹೋಗುತ್ತಿತ್ತು. ಅದರ ಹಿಂದೆ ನಿಧಾನವಾಗಿ ಹೋಗುವಾಗ ಹೇಳಿಬಿಡಬೇಕೆಂದು ಮೂರು ಸಲ ಗಂಟಲು ಸರಿಮಾಡಿಕೊಂಡೆ.

“ಧೂಳಾ ಸಾ? ಕರ್ಚೀಪ್ ಕಟ್ಕಳಿ,” ಎಂದಳು.

ಪುಸ್ತಕಾಲಯ ಈಗ ಶುಚಿಯಾಗಿದೆ. ಕಂಪ್ಯೂಟರಿನ ಮುಂದೆ ಚುರುಕಾದ ಹೊಸ ಗ್ರಂಥಪಾಲಕಿ. ನನ್ನ ಹೆಸರು ಟೈಪು ಮಾಡಿದರು. ಇಲ್ಲ ಎಂದು ಬಂತು. ನನ್ನ ಪ್ರಾರ್ಥನೆ ಫಲಿಸಿತೆಂದು ಉಸಿರು ಬಿಟ್ಟೆ. “ಒಂದ್ನಿಮಿಷ, ಕಂಪ್ಯೂಟರ್‌ಗೆ ಏರಿಸದೆ ಇರೋದೂ ಇವೆ,” ಎಂದು ಒಳಹೋಗಿ ಎರಡೇ ನಿಮಿಷದಲ್ಲಿ ತಂದರು. ಬಂಗಾರದ ಅಕ್ಷರಗಳಲ್ಲಿ ಅರ್ಧ ಉದುರಿದ್ದವು. ನನ್ನ ಹೆಸರಿನ ಕೊನೆಯ ಭಾಗ ಮಾತ್ರ ಉಳಿದಿತ್ತು.

ಭಾಗ್ಯ ಪುಟ ತಿರುವಿ ಎಂಬತ್ತೇಳು ಎಂದು ಬರೆದುಕೊಂಡಳು. ಮುಚ್ಚುವವಳಿದ್ದಳು. ಮುಚ್ಚಿದ್ದರೆ ಮುಗಿಯುತ್ತಿತ್ತು: ಅವಳಿಗೆ ಪುಟಸಂಖ್ಯೆ, ನನಗೆ ಮರ್ಯಾದೆ. ಮಾತು ಹೇಗೆ ಹೊರಬಿತ್ತೋ, “ಕೊನೆಯ ಹಾಳೆ ನೋಡು,” ಎಂದೆ. ಧೈರ್ಯವಲ್ಲ ಅದು. ಇಷ್ಟು ವರ್ಷ ಆಚೆ ಬೀದಿಯಿಂದ ಸುತ್ತಿಬಂದವನ ಕುತೂಹಲ.

ಹಾಳೆ ಹಳದಿಯಾಗಿತ್ತು, ಅಂಟು ಬಿಟ್ಟಿರಲಿಲ್ಲ. ಶ್ರೀಕಂಠಯ್ಯನವರ ಕೈಬರಹ.

“ಪುಟ ಎಂಬತ್ತೇಳು. ಮುನಿಸು ಬೆಲ್ಲ ಎಂಬುದು ನಮ್ಮ ಊರಿನಲ್ಲಿ ಇಲ್ಲ. ನಾನು ಹಾಗೆ ಹೇಳಿಲ್ಲ. ಚಿಕ್ಕೇಗೌಡ, ಕ್ಯಾತನಹಳ್ಳಿ.” ಪಕ್ಕದಲ್ಲಿ ನೀಲಿ ಹೆಬ್ಬೆಟ್ಟು. ಅದರ ಕೆಳಗೆ: “ಮತ್ತೇನು ಹೇಳಿದಿರಿ ಎಂದು ಕೇಳಲಾಗಿ, ಅದು ಮರೆತುಹೋಗಿದೆ ಎಂದರು.”

ಅದರ ಕೆಳಗೆ ಬೇರೆ ಶಾಯಿ, ಬೇರೆ ಅಕ್ಷರ: “ಚಿಕ್ಕೇಗೌಡರ ಮಾತಿಗೆ ನನ್ನ ತಕರಾರು. ಇಂಥ ಪದ್ಧತಿ ಇದೆ. ನಮ್ಮ ಅಜ್ಜಿ ಮಾಡುತ್ತಿದ್ದರು. ಆದರೆ ಬೆಲ್ಲವಲ್ಲ, ಅವರೆಕಾಯಿ. ಪುಟ್ಟಲಕ್ಷ್ಮಿ, ಹೊಣಕೆರೆ.”

ಅದರ ಕೆಳಗೆ ಮತ್ತೆ ಶ್ರೀಕಂಠಯ್ಯ: “ಲೇಖಕರಿಗೆ ಎರಡು ಕಾರ್ಡು ಬರೆಯಲಾಗಿದೆ. ಉತ್ತರಕ್ಕೆ ಜಾಗ ಬಿಟ್ಟಿದೆ.” ಆಮೇಲೆ ಅಡಿಕೋಲಿಟ್ಟು ಎಳೆದ ಒಂದು ಚೌಕ. ಖಾಲಿ.

ಭಾಗ್ಯ ಎರಡು ಸಲ ಓದಿದಳು. ಫೋನಿನಲ್ಲಿದ್ದ ಸ್ಕ್ಯಾನಿನ ಕೊನೆಗೆ ಹೋಗಿ ನೋಡಿದಳು. ನನ್ನ ಕೃತಜ್ಞತೆಗಳ ಪಟ್ಟಿಯವರೆಗೂ ಇತ್ತು. ಈ ಹಾಳೆ ಇರಲಿಲ್ಲ. ಅಂಟಿಸಿದ್ದು ಪುಸ್ತಕದ ಭಾಗವಲ್ಲ ಎಂದು ಯಾರೋ ಬಿಟ್ಟಿದ್ದರು. ತಪ್ಪಲ್ಲ. ನಾನೂ ಹಾಗೇ ಬಿಟ್ಟಿದ್ದೆನಲ್ಲ.

“ನಿಮ್ಗೆ ನಿನ್ನೇನೇ ಗೊತ್ತಿತ್ತಾ ಸಾ?”

“ಅನುಮಾನ ಇತ್ತು.”

“ಬಾವಿ ನೀರು, ನಾಲೆ ನೀರು ಅಂತ ಅರ್ಧ ಗಂಟೆ ಹೇಳಿದ್ರಿ. ಆ ಅರ್ಧ ಗಂಟೇಲಿ ಇದೊಂದ್ ಹೇಳಕಾಗ್ನಿಲ್ವಾ?” ಅವಳ ದನಿ ಏರಲಿಲ್ಲ, ಅದೇ ಕಷ್ಟವಾಯಿತು. “ಬಾವಿಲಿ ಎಮ್ಮೆ ತೊಳ್ದೋರು ನೀವೇ. ಹತ್ತು ದಿನ ಅದೆ ನಂಗೆ. ಅರವತ್ ಪುಟ ಬರ್ದಿದೀನಿ ಈ ಸುಳ್ ಮ್ಯಾಲೆ. ಏನ್ ಮಾಡ್ಲಿ ಈಗ?”

ಏನಾದರೂ ಮಾಡಬೇಕಲ್ಲ ಎಂದು ಜೇಬಿನಿಂದ ಪೆನ್ನು ತೆಗೆದು, ಆ ಚೌಕದ ಮೇಲೆ ಬಾಗಿದೆ. ನಾಟಕೀಯವಾದ ಗಳಿಗೆ.

“ಸರ್, ಸರ್! ಪುಸ್ತಕದಲ್ಲಿ ಬರೆಯೋ ಹಾಗಿಲ್ಲ,” ಎಂದರು ಗ್ರಂಥಪಾಲಕಿ. ಗೋಡೆಯ ಮೇಲಿನ ಫಲಕ ತೋರಿಸಿದರು. ನಿಜ, ಬರೆದಿತ್ತು.

ಭಾಗ್ಯನಿಗೆ ನಗು ಬಂತು. ಬರಬಾರದೆಂದು ತಡೆದರೂ ಬಂತು. ನಕ್ಕಿದ್ದಕ್ಕೆ ಇನ್ನಷ್ಟು ಸಿಟ್ಟಾಗಿ, “ಲೈಬ್ರರಿನೂ ಕೈಕೊಡ್ತು. ಇಲ್ಲ ಅಂತಾನೆ ಒಬ್ಬ, ಅದೆ ಅಂತಾಳೆ ಒಬ್ಳು, ಅವ್ರೇಕಾಯಿ ಬೇರೆ,” ಎಂದು ಬ್ಯಾಗು ಹೆಗಲಿಗೇರಿಸಿದಳು. “ಬನ್ನಿ ಕ್ಯಾತನಹಳ್ಳಿಗೆ. ಅಲ್ಲಿ ಒಂದ್ ಮಾತ್ ಆಡ್ಕೂಡ್ದು ನೀವು. ಕೇಳೋಳು ನಾನು.”

ಚಿಕ್ಕೇಗೌಡನ ಆಲೆಮನೆ ಈಗಲೂ ನಡೆಯುತ್ತಿದೆ. ನಡೆಸುವವರು ಸೊಸೆ ಜಯಮ್ಮ. ಕೊಪ್ಪರಿಗೆಯ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದರು. ಒಲೆಗೆ ಒಣಗಿದ ಸಿಪ್ಪೆ ತುಂಬುತ್ತಿದ್ದವರಿಗೆ ಬೆನ್ನು ಮಾಡಿಕೊಂಡೇ ಬುದ್ಧಿ ಹೇಳುತ್ತಿದ್ದರು: “ಮೆಲ್ಲುಗ್ ಆಕ್ಲಾ. ಒಲೆ ಅದು, ಬಸ್ಸಲ್ಲ.” ಭಾಗ್ಯ ಹೆಸರು ಹೇಳಿಕೊಂಡು, ಓದುವುದಕ್ಕೆ ಬೇಕು ಎಂದು ತಿಳಿಸಿ, ಫೋನಿನ ರೆಕಾರ್ಡು ಹಾಕಿದಳು. ನನ್ನನ್ನು ‘ಜೊತೆಗೆ ಬಂದವರು’ ಎಂದು ಪರಿಚಯಿಸಿದಳು. ನಾನು ಮೂಲೆಯಲ್ಲಿ ಒಂದು ಡಬ್ಬದ ಮೇಲೆ ಕೂತೆ.

“ಮುನಿಸು ಬೆಲ್ಲ ಅಂತಾರಲ್ಲ ಅವ್ವ, ಅದು ನಿಮ್ಮೂರಲ್ಲಿ ಇತ್ತಾ?”

“ಓ, ಫೋನಲ್ಲಿ ಬತ್ತದಲ್ಲ, ಅದಾ? ನಮ್ ಮಾವ ಇರೋಗಂಟ ಅದ್ರ್ ಸುದ್ದಿ ಎತ್ತಂಗಿರ್ನಿಲ್ಲ. ‘ಯಾವನೋ ಪಟ್ಣದೋನ್ ಬಂದು, ನನ್ ಬಾಯಿಗ್ ಇಲ್ದಿದ್ ಮಾತ್ ತುರ್ಕ್‌ಬುಟ್ಟ’ ಅಂತ ಬಯ್ಯೋರು. ಪಾಂಡುಪುರ್‌ದ್ ಐನೋರ್ ತಾವ್ ಓಗಿ ಎಬ್ಬೆಟ್ ಬ್ಯಾರೆ ಒತ್ತಿ ಬಂದಿದ್ರು.”

ಭಾಗ್ಯ ನನ್ನ ಕಡೆ ನೋಡಲಿಲ್ಲ. ನೋಡದಿರುವುದೂ ಒಂದು ನೋಟವೇ.

“ಅಂಗಾರೆ ಈಗ್ಲೂ ಇಲ್ಲ ಅಲ್ವಾ?”

ಜಯಮ್ಮ ಸೌಟಿನಿಂದ ನೊರೆ ತೆಗೆದು ಆಚೆ ಎಸೆದರು. “ಈಗ ಅದೆ,” ಎಂದರು.

“ಅಂಗಂದ್ರೆ?”

“ನಂಗೂ ನಮ್ ಓರಗಿತ್ತಿಗೂ ಮಾತ್ ಬುಟ್ಟು ಆರ್ ವರ್ಸ ಆಗಿತ್ತು ಕಣವ್ವ. ಇದೇ ಗ್ವಾಡೆ ಆಚಿಗವ್ಳ್ ಮನೆ. ಯಾಕ್ ಬುಟ್ಟೋ ಅನ್ನಾದೂ ಮರ್ತೋಗಿತ್ತು, ಬುಟ್ಟಿದ್ದು ಮಾತ್ರ ನೆಪ್ಪಿತ್ತು. ಓದ್ ವರ್ಸ ಯಾರೋ ಫೋನಲ್ಲಿ ತೋರ್ಸುದ್ರು, ನೋಡು ನಿಮ್ಮೂರ್ ಸಾಸ್ತ್ರವಂತೆ ಅಂತ. ಸುಳ್ಳು ಅಂತ ನಂಗೊತ್ತು. ಸುಳ್ಳಾದ್ರೇನು, ನಮ್ಮೂರ್ ಎಸ್ರಲ್ಲೇ ಅದಲ್ಲ, ಒಂದ್ಸಲ ಮಾಡ್ ನೋಡನ ಅಂತ ಒಂದಚ್ಚು ತಕಂಡೋಗಿ ಅವ್ಳ್ ಒಸ್ಲ್ ಮ್ಯಾಲ್ ಮಡಗ್ದೆ. ತಿರುಗ್ ನೋಡ್ಬಾರ್ದು ಅಂತ ಬರ್ದವ್ನೆ ಆ ಪುಣ್ಯಾತ್ಮ. ನಾನ್ ನೋಡ್ಬುಟ್ಟೆ.”

“ಏನಾಯ್ತು?”

“ಬಾಗ್ಲಲ್ಲೇ ನಿಂತಿದ್ಲು. ಅಚ್ಚು ಎತ್ಕಂಡು ಮೂಸ್ದ್ಲು. ‘ಪಾಕ ಏರ್‌ಬುಟ್ಟದೆ, ಕರ್ರಗಾಗದೆ. ನಿಂಗೆ ಯಾವತ್ ಬತ್ತದೆ ಬೆಲ್ಲ ಮಾಡಾಕೆ?’ ಅಂದ್ಲು.” ಜಯಮ್ಮ ನಕ್ಕರು. “ಆರ್ ವರ್ಸದ್ ಮ್ಯಾಲೆ ಅದೇ ಮೊದ್ಲ್ ಮಾತು. ನಂಗೂ ರೇಗೋಯ್ತು. ನಿಂದೇನ್ ಭಾರಿ ಬೆಲ್ಲ ಅಂತ ಅಲ್ಲೇ ನಿಂತ್ಕಂಡ್ ಜಗ್ಳ ಆಡುದ್ವಿ. ಈಗ ದಿನಾ ಆಡ್ತೀವಿ.”

ನನ್ನ ಎದೆಯಲ್ಲಿ ಏನೋ ಉಬ್ಬಿತು. ನಾಚಿಕೆಯಿಲ್ಲದ್ದು, ಅದು ಹೆಮ್ಮೆ. ನೋಡಿ, ನನ್ನ ಸುಳ್ಳು ಕೂಡ ಇಬ್ಬರನ್ನು ಕೂಡಿಸಿತು ಎಂದು ಮುಂದಿನ ಭಾಷಣಕ್ಕೆ ಒಂದು ಉಪಮೆ ಆಗಲೇ ಮೊಳೆಯುತ್ತಿತ್ತು. ತಡೆಯಲಾರದೆ ಡಬ್ಬದಿಂದ ಎದ್ದೆ.

“ಆ ಪುಣ್ಯಾತ್ಮ ನಾನೇ ಜಯಮ್ಮ.”

ಸೌಟು ನಿಂತಿತು. ಜಯಮ್ಮ ನನ್ನನ್ನು ತಲೆಯಿಂದ ಚಪ್ಪಲಿಯವರೆಗೆ ನೋಡಿದರು. “ನೀನೇನಾ ಅವ್ನು? ನಮ್ ಮಾವ ಸಾಯೋಗಂಟ ಕಾದ್ರು ಕಣಪ್ಪ, ಬಂದ್ ಒಂದ್ ಮಾತ್ ಕೇಳ್ತಾನೆ ಅಂತ. ತಪ್ಪಾಯ್ತು ಅನ್ಲಿ ಅಂತಲ್ಲ. ‘ನಾನ್ ಏನ್ ಏಳಿದ್ದೆ ಅಂತ ಅವ್ನ್‌ಗಾರಾ ನೆಪ್ಪಿದ್ದಾತು, ಕೇಳ್ಬೇಕು’ ಅನ್ನೋರು.”

ಕೊಪ್ಪರಿಗೆ ಕುದಿಯುತ್ತಿತ್ತು. ಮೊಳೆತಿದ್ದ ಉಪಮೆ ಅಲ್ಲೇ ಬಾಡಿತು.

ಭಾಗ್ಯ ಫೋನನ್ನು ಜಯಮ್ಮನವರ ಮುಂದಿನಿಂದ ತೆಗೆದು ನನ್ನ ಮುಂದೆ ಹಿಡಿದಳು. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತಿರುವಿದಳು. ಅವಳ ಮಾತು ಒಮ್ಮೆಲೇ ತರಗತಿಯ ಕನ್ನಡಕ್ಕೆ ತಿರುಗಿತು.

“ಹೆಸರು ಗೊತ್ತಿದೆ. ಊರು, ವಯಸ್ಸು, ಕಸುಬು ಹೇಳಿ.”

ಹೇಳಿದೆ.

“ಆವತ್ತು ಚಿಕ್ಕೇಗೌಡರು ನಿಮಗೆ ಏನು ಹೇಳಿದರು?”

ನೋಟ್‌ಬುಕ್ಕಿನ ಆ ಕಡೆ ನಾನು ಎಷ್ಟೋ ವರ್ಷ ಕೂತಿದ್ದೇನೆ. ಈ ಕಡೆ ಕೂತದ್ದು ಅದೇ ಮೊದಲು. ಈ ಕಡೆಯಿಂದ ನೋಡಿದರೆ ಪೆನ್ನು ಬಹಳ ಚೂಪಾಗಿ ಕಾಣುತ್ತದೆ. ಮೂರೂ ಕಥೆಗಳು ಬಾಯಿಯ ಹತ್ತಿರ ಬಂದು ಸಾಲಾಗಿ ನಿಂತವು, ಮೂರೂ ಚೆನ್ನಾಗಿ ಚಲಾವಣೆಯಾಗುವಂಥವು. ಮೊದಲನೆಯದು ಹೇಳಿದರೆ ಅವಳ ಅರವತ್ತು ಪುಟ ಉಳಿಯುತ್ತದೆ. ಎರಡನೆಯದು ಹೇಳಿದರೆ ಎಲ್ಲರೂ ನಗುತ್ತಾರೆ. ಮೂರನೆಯದು ಹೇಳಿದರೆ ನಾನು ಪ್ರಾಮಾಣಿಕನೆನಿಸಿಕೊಳ್ಳುತ್ತೇನೆ. ಜಯಮ್ಮ ಸೌಟು ಹಿಡಿದು ಕಾಯುತ್ತಿದ್ದರು, ಮಾವನ ಪರವಾಗಿ.

“ಗೊತ್ತಿಲ್ಲ,” ಎಂದೆ. “ನೆನಪಿಲ್ಲ. ನನಗೆ ನೆನಪಿದೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ.”

“ಗೊತ್ತಿಲ್ಲ ಅಂತಲೇ ಬರ್ಕೊಳ್ಳಾ?”

“ಬರ್ಕೊ.”

ಅವಳು ಬರೆದುಕೊಂಡು, ಅಡಿಗೆ ಗೆರೆ ಎಳೆದು, ಮುಂದಿನ ಪ್ರಶ್ನೆ ಕೇಳಿದಳು. ಅದಾದ ಮೇಲೆ ಇನ್ನೂ ಹದಿನಾಲ್ಕು ಕೇಳಿದಳು. ಪಾಕ ಇಳಿಸುವ ಹೊತ್ತಾಯಿತೆಂದು ಜಯಮ್ಮ ಇಬ್ಬರನ್ನೂ ಗದರಿ ಆಚೆ ಕಳಿಸುವವರೆಗೆ ಬಿಡಲಿಲ್ಲ.

ಗಡುವಿಗೆ ಒಂದು ದಿನ ಇರುವಾಗ ಭಾಗ್ಯ ಪ್ರಬಂಧ ಒಪ್ಪಿಸಿದಳು. ನಾಲ್ಕನೆಯ ಅಧ್ಯಾಯ ಅರವತ್ತು ಪುಟದಿಂದ ಇಪ್ಪತ್ತಕ್ಕೆ ಇಳಿದಿದೆ. ಅವರೆಕಾಯಿಯನ್ನು ಹುಡುಕಿಕೊಂಡು ಹೊಣಕೆರೆಗೂ ಹೋಗಿ ಬಂದಿದ್ದಾಳೆ. ಅಲ್ಲಿ ಪುಟ್ಟಲಕ್ಷ್ಮಿ ಸಿಗಲಿಲ್ಲವೆಂದು ಒಂದೇ ಸಾಲಿನಲ್ಲಿ ಬರೆದಿದ್ದಾಳೆ, ಅಲಂಕಾರವಿಲ್ಲದೆ. ಮಾರ್ಗದರ್ಶಕರು ಗೊಣಗಿದರಂತೆ. ಪರೀಕ್ಷಕರು ಏನನ್ನುತ್ತಾರೋ ಇನ್ನೂ ತಿಳಿಯದು.

ನಿನ್ನೆ ನನಗೊಂದು ಪ್ರತಿ ತಂದುಕೊಟ್ಟು ಹೋದಳು. ಅವಳು ಗೇಟು ದಾಟುವುದನ್ನೇ ಕಾದು, ಅಭ್ಯಾಸಬಲದಿಂದ ಮೊದಲು ಕೊನೆಯ ಪುಟಗಳಿಗೆ ಹೋದೆ. ಆಕರ ಗ್ರಂಥಗಳ ಪಟ್ಟಿಯಲ್ಲಿ ಬೆರಳಿಟ್ಟು ಹುಡುಕಿದೆ, ನಾನಿಲ್ಲ. ಪಕ್ಕದ ಪುಟದಲ್ಲಿ ಮಾಹಿತಿ ಕೊಟ್ಟವರ ಪಟ್ಟಿ. ಅಲ್ಲಿ ಜಯಮ್ಮ, ಕ್ಯಾತನಹಳ್ಳಿ, ಬೆಲ್ಲ ತಯಾರಿಕೆ. ಅವರ ಕೆಳಗೆ ನನ್ನ ಹೆಸರು, ಊರು, ವಯಸ್ಸು. ಕಸುಬು ಎಂಬ ಕಡೆ ‘ನಿವೃತ್ತ ಅಧ್ಯಾಪಕ’ ಎಂದಿದೆ. ಷರಾ ಎಂಬ ಕೊನೆಯ ಅಂಕಣ ಉಳಿದವರೆಲ್ಲರಿಗೂ ಖಾಲಿ ಇತ್ತು. ನನ್ನೊಬ್ಬನಿಗೆ ಮಾತ್ರ ಏನೋ ಬರೆದಿತ್ತು. ಕನ್ನಡಕ ಒರೆಸಿಕೊಂಡು ಓದಿದೆ: “ಇನ್ನೊಮ್ಮೆ ಹೋಗಿ ಕೇಳಬೇಕು.”